ಕಾಳಜಿ ಕೇಂದ್ರಗಳಲ್ಲಿರುವ ವಿಪತ್ತು ಸಂತ್ರಸ್ತ ಕುಟುಂಬಗಳ ವಸತಿ ಅಗತ್ಯತೆಯ ನಿರ್ಧರಣೆ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನೆರೆ, ಅತಿವೃಷ್ಟಿ, ಬಿರುಗಾಳಿ ಅಥವಾ ಬೆಂಕಿ ಅನಾಹುತದಿಂದ ಮನೆ ಕಳೆದುಕೊಂಡ, ಇಲ್ಲವೇ ಮನೆಯಲ್ಲಿ ವಾಸಿಸಲಾಗದ ಕುಟುಂಬಗಳಿಗೆ ತಾತ್ಕಾಲಿಕ ಆಶ್ರಯ ನೀಡುವ ಸಲುವಾಗಿ ತಾಲ್ಲೂಕು ಆಡಳಿತವು ಶಾಲೆ, ವಿದ್ಯಾರ್ಥಿನಿಲಯ, ಸಮುದಾಯ ಭವನ ಮುಂತಾದ ಕಟ್ಟಡಗಳಲ್ಲಿ ಕಾಳಜಿ ಕೇಂದ್ರಗಳನ್ನು ತೆರೆಯುತ್ತದೆ. ಈ ಹಿಂದೆ ಇವುಗಳನ್ನು ಗಂಜಿ ಕೇಂದ್ರ ಅಥವಾ ಪರಿಹಾರ ಕೇಂದ್ರ ಎಂದು ಕರೆಯಲಾಗುತ್ತಿತ್ತು.

ಕಾಳಜಿ ಕೇಂದ್ರದ ಆಶ್ರಯವು ಕೆಲವು ದಿನಗಳದ್ದು ಮಾತ್ರ. ನೀರು ಇಳಿದ ನಂತರ, ಶಾಲೆ ಪುನಃ ಆರಂಭವಾಗಬೇಕಾದಾಗ ಕೇಂದ್ರವನ್ನು ಮುಚ್ಚಬೇಕಾಗುತ್ತದೆ. ಅಲ್ಲಿಂದ ಹೊರಡುವ ಕುಟುಂಬವು ಎಲ್ಲಿಗೆ ಹೋಗುತ್ತದೆ, ಹೋದ ಸ್ಥಳದಲ್ಲಿ ಎಷ್ಟು ಕಾಲ ಸುರಕ್ಷಿತವಾಗಿ ಇರಬಹುದು, ಕಾಯಂ ಮನೆಗೆ ಏನು ಅವಶ್ಯ ಎಂಬ ಸಂಗತಿಗಳನ್ನು ಕುಟುಂಬವು ಕೇಂದ್ರದಲ್ಲಿ ಇರುವಾಗಲೇ ವಿಚಾರಿಸಿ ದಾಖಲಿಸುವ ಕಾರ್ಯವನ್ನು ವಸತಿ ಅಗತ್ಯತೆಯ ನಿರ್ಧರಣೆ ಎನ್ನಲಾಗುತ್ತದೆ. ಈ ದಾಖಲೆ ಸರಿಯಾಗಿದ್ದಲ್ಲಿ ಮುಂದಿನ ಪರಿಹಾರದ ಅರ್ಜಿ ಸುಲಭವಾಗುತ್ತದೆ. ದಾಖಲೆಯಲ್ಲಿ ಹೆಸರು ಬಿಟ್ಟುಹೋದ ಕುಟುಂಬವು ತಿಂಗಳುಗಳ ಕಾಲ ಕಚೇರಿಗಳಿಗೆ ಅಲೆಯಬೇಕಾಗುತ್ತದೆ. ಆದುದರಿಂದ ಸಾರ್ವಜನಿಕರು ಈ ಮಾಹಿತಿಯನ್ನು ಮಳೆಗಾಲಕ್ಕೆ ಮುಂಚೆಯೇ ಓದಿಕೊಳ್ಳುವುದು ಸೂಕ್ತ.

2. ಎರಡೂ ತಾಲ್ಲೂಕುಗಳ ಪರಿಸ್ಥಿತಿ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯ ಸಾಗರ ಉಪವಿಭಾಗಕ್ಕೆ ಸೇರಿದ ಅರೆಮಲೆನಾಡು ಪ್ರದೇಶಗಳು. ಸಾಗರ ತಾಲ್ಲೂಕಿನ ಇಕ್ಕೇರಿ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಸೊರಬ ತಾಲ್ಲೂಕಿನ ಮೂಲಕ ಬನವಾಸಿಯ ಕಡೆಗೆ ಹರಿಯುತ್ತದೆ. ಸೊರಬ ಪಟ್ಟಣವು ವರದೆಯ ಉಪನದಿಯಾದ ದಂಡಾವತಿಯ ದಡದಲ್ಲಿದೆ. ಶಿಕಾರಿಪುರ ತಾಲ್ಲೂಕಿನಲ್ಲಿ ಕುಮುದ್ವತಿ ನದಿ ಹರಿಯುತ್ತಿದ್ದು, ಅಂಜನಾಪುರ ಜಲಾಶಯವು ಇದೇ ನದಿಗೆ ನಿರ್ಮಿತವಾಗಿದೆ. ಇವಲ್ಲದೆ ಎರಡೂ ತಾಲ್ಲೂಕುಗಳಲ್ಲಿ ಕೆರೆಗಳು ಹೇರಳವಾಗಿವೆ. ಆದ್ದರಿಂದ ಇಲ್ಲಿ ನೀರಿನ ಅಪಾಯವು ಎರಡು ರೀತಿಯಲ್ಲಿ ಬರಬಹುದು: ನದಿ ಪಾತ್ರದ ತಗ್ಗು ಭೂಮಿಯಲ್ಲಿ ನಿಧಾನವಾಗಿ ಹರಡಿ ದಿನಗಟ್ಟಲೆ ನಿಲ್ಲುವ ನೀರು ಮೊದಲನೆಯದು, ಕೆರೆ ಕೋಡಿ ಬಿದ್ದಾಗ ಅಥವಾ ಏರಿ ಒಡೆದಾಗ ಒಮ್ಮೆಲೇ ನುಗ್ಗುವ ನೀರು ಎರಡನೆಯದು.

ಗ್ರಾಮೀಣ ಭಾಗದ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ ಮತ್ತು ಹೆಂಚಿನ ಮಾಡು ಇರುವುದು ಸಾಮಾನ್ಯ. ಇಂತಹ ಮನೆಗಳು ನೀರು ನಿಂತಿರುವಾಗ ಬೀಳದೆ, ನೀರು ಇಳಿದ ಕೆಲವು ದಿನಗಳ ನಂತರ ಕುಸಿಯುವ ಸಂಭವವಿದೆ. ವಸತಿ ಅಗತ್ಯತೆಯ ನಿರ್ಧರಣೆಯಲ್ಲಿ ಇದು ಬಹು ಮುಖ್ಯವಾದ ಅಂಶವಾಗಿದ್ದು, 8ನೇ ಭಾಗದಲ್ಲಿ ವಿವರಿಸಲಾಗಿದೆ.

3. ಕಾನೂನಿನ ಆಧಾರ

ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಮುಖ್ಯ ಉಪಬಂಧಗಳು ಈ ಕೆಳಕಂಡಂತಿವೆ.

ಅ) ಪ್ರಕರಣ 12: ಪರಿಹಾರ ಕೇಂದ್ರಗಳಲ್ಲಿ ಆಶ್ರಯ, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವು ಮತ್ತು ನೈರ್ಮಲ್ಯದ ಕನಿಷ್ಠ ಮಾನದಂಡಗಳನ್ನು, ವಿಧವೆಯರು ಹಾಗೂ ಅನಾಥರಿಗೆ ವಿಶೇಷ ಏರ್ಪಾಡುಗಳನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಶಿಫಾರಸು ಮಾಡತಕ್ಕದ್ದು.
ಆ) ಪ್ರಕರಣ 25: ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇರತಕ್ಕದ್ದು.
ಇ) ಪ್ರಕರಣ 52: ಸುಳ್ಳೆಂದು ತಿಳಿದೂ ಪರಿಹಾರ ಕೋರುವವರಿಗೆ ಎರಡು ವರ್ಷಗಳವರೆಗೆ ಕಾರಾವಾಸ ಮತ್ತು ದಂಡ ವಿಧಿಸಬಹುದು.
ಈ) ಪ್ರಕರಣ 61: ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ ಅಥವಾ ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡತಕ್ಕದ್ದಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 8ರಂತೆ ವಿಪತ್ತಿನ ಸಂದರ್ಭದಲ್ಲಿ ಅಂಗವಿಕಲರಿಗೆ ಇತರರಿಗೆ ಸಮಾನವಾದ ರಕ್ಷಣೆ ಮತ್ತು ಸುರಕ್ಷತೆ ದೊರೆಯಬೇಕು.

4. ಕೇಂದ್ರದಲ್ಲಿ ದೊರೆಯಬೇಕಾದ ಕನಿಷ್ಠ ಸೌಲಭ್ಯಗಳು

ರಾಷ್ಟ್ರೀಯ ಪ್ರಾಧಿಕಾರದ ಕನಿಷ್ಠ ಮಾನದಂಡಗಳಂತೆ ಪ್ರತಿ ವ್ಯಕ್ತಿಗೆ 3.5 ಚದರ ಮೀಟರ್ ಸೂರು ಇರುವ ಜಾಗ, ಕುಡಿಯಲು ದಿನಕ್ಕೆ ಕನಿಷ್ಠ 3 ಲೀಟರ್ ನೀರು, 30 ಜನರಿಗೆ ಒಂದರಂತೆ ಶೌಚಾಲಯ, ಮಹಿಳೆಯರಿಗೆ ಮತ್ತು ಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಇರಬೇಕು. ವಯಸ್ಕರಿಗೆ ದಿನಕ್ಕೆ 2,400 ಹಾಗೂ ಮಕ್ಕಳಿಗೆ 1,700 ಕ್ಯಾಲೊರಿಯಷ್ಟು ಆಹಾರ ದೊರೆಯಬೇಕು.

ಈ ಅಳತೆಗಳಿಗೂ ವಸತಿ ಅಗತ್ಯತೆಗೂ ನೇರ ಸಂಬಂಧವಿದೆ. ಸ್ನಾನಕ್ಕೆ ಮರೆಯಿಲ್ಲದ, ರಾತ್ರಿ ದೀಪವಿಲ್ಲದ ಕೇಂದ್ರದಿಂದ ಕುಟುಂಬಗಳು, ವಿಶೇಷವಾಗಿ ಹೆಣ್ಣುಮಕ್ಕಳಿರುವ ಕುಟುಂಬಗಳು, ಮನೆ ಸುರಕ್ಷಿತವಾಗುವ ಮೊದಲೇ ಹಿಂದಿರುಗುತ್ತವೆ. ಜಾನುವಾರುಗಳಿಗೆ ಮೇವು, ನೀರು ಇಲ್ಲದಿದ್ದಲ್ಲಿ ಮನೆಯ ಯಜಮಾನರು ಕೇಂದ್ರಕ್ಕೆ ಬರುವುದೇ ಇಲ್ಲ. ಹೀಗೆ ಬೇಗ ಹೋದವರ ಮತ್ತು ಬಾರದೇ ಉಳಿದವರ ಅಗತ್ಯತೆ ದಾಖಲಾಗುವುದಿಲ್ಲ. ಆದುದರಿಂದ ಕೊರತೆಗಳನ್ನು ಕೇಂದ್ರದ ಉಸ್ತುವಾರಿ ಅಧಿಕಾರಿಗಳ ಗಮನಕ್ಕೆ ತರಲು ಸಂಕೋಚಪಡಬಾರದು.

5. ಮನೆ ಹಾನಿ ಸಮೀಕ್ಷೆಗೂ ವಸತಿ ಅಗತ್ಯತೆಗೂ ಇರುವ ವ್ಯತ್ಯಾಸ

ಮನೆ ಹಾನಿ ಸಮೀಕ್ಷೆಯಲ್ಲಿ ಕಟ್ಟಡವನ್ನು ನೋಡಲಾಗುತ್ತದೆ. ಗೋಡೆ, ಮಾಡು, ಅಡಿಪಾಯ ಶೇಕಡಾ ಎಷ್ಟು ಹಾಳಾಗಿದೆ ಎಂಬುದು ಅಲ್ಲಿನ ಪ್ರಶ್ನೆ. ವಸತಿ ಅಗತ್ಯತೆಯ ನಿರ್ಧರಣೆಯಲ್ಲಿ ಕುಟುಂಬವನ್ನು ನೋಡಲಾಗುತ್ತದೆ. ಇಂದು ರಾತ್ರಿಯಿಂದ ಹೊಸ ಮನೆಯ ಬಾಗಿಲು ತೆರೆಯುವ ದಿನದವರೆಗೆ ಈ ಜನ ಎಲ್ಲಿ ಇರುತ್ತಾರೆ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಒಂದೇ ಎಂದು ಭಾವಿಸಿದಲ್ಲಿ ಈ ಕೆಳಕಂಡ ಕುಟುಂಬಗಳು ಬಿಟ್ಟುಹೋಗುವ ಸಾಧ್ಯತೆ ಇರುತ್ತದೆ.

1) ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿಕೊಂಡಿರುವ ಅಣ್ಣತಮ್ಮಂದಿರ ಕುಟುಂಬಗಳು. ಹಾನಿಯ ಪಟ್ಟಿಯಲ್ಲಿ ಮನೆ ಒಂದೇ. ಸೂರು ಬೇಕಾದ ಸಂಸಾರಗಳು ಎರಡು ಅಥವಾ ಮೂರು.
2) ಬಾಡಿಗೆದಾರರು. ಮನೆಯ ಪರಿಹಾರ ಮಾಲೀಕರಿಗೆ ಸಲ್ಲುತ್ತದೆ. ಬಾಡಿಗೆದಾರರಿಗೆ ತಕ್ಷಣದ ಬಟ್ಟೆ, ಪಾತ್ರೆಯ ನೆರವು ಮತ್ತು ಬೇರೆ ಬಾಡಿಗೆ ಮನೆ ಅವಶ್ಯ.
3) ಮನೆ ನಿಂತಿದ್ದರೂ ವಾಸಯೋಗ್ಯವಲ್ಲದ ಪ್ರಕರಣಗಳು. ಬಾವಿಗೆ ಕೊಳಚೆ ನೀರು ಸೇರಿರಬಹುದು, ಶೌಚಾಲಯ ಕುಸಿದಿರಬಹುದು, ದಾರಿಯ ಸಂಕ ಕೊಚ್ಚಿಹೋಗಿರಬಹುದು.
4) ಯಜಮಾನರು ಮೃತಪಟ್ಟಿದ್ದು ಖಾತೆ ಬದಲಾವಣೆ ಆಗದಿರುವ ಮನೆಯಲ್ಲಿ ವಾಸಿಸುವ ವಿಧವೆಯರು ಮತ್ತು ವೃದ್ಧರು.
5) ಕೇಂದ್ರಕ್ಕೆ ಬಾರದೆ ನೆಂಟರ ಮನೆಯಲ್ಲೋ ಕೊಟ್ಟಿಗೆಯಲ್ಲೋ ಉಳಿದಿರುವವರು.

6. ನಿರ್ಧರಣೆಯ ಹಂತಗಳು

ಹಂತ 1. ನೋಂದಣಿ. ಕೇಂದ್ರಕ್ಕೆ ಬಂದ ದಿನವೇ ಕುಟುಂಬದ ಎಲ್ಲ ಸದಸ್ಯರ ಹೆಸರು, ವಯಸ್ಸು, ಗ್ರಾಮ, ಮನೆಯ ಗುರುತು ಮತ್ತು ದೂರವಾಣಿ ಸಂಖ್ಯೆಯನ್ನು ಬರೆಸಬೇಕು. ಪ್ರತ್ಯೇಕ ಅಡುಗೆ ಇರುವ ಕುಟುಂಬಗಳು ಪ್ರತ್ಯೇಕವಾಗಿಯೇ ಬರೆಸಬೇಕು. ದಾಖಲೆಗಳು ಕೈಯಲ್ಲಿ ಇಲ್ಲವೆಂಬ ಕಾರಣಕ್ಕೆ ಯಾರೂ ಹೆಸರು ಬರೆಸದೆ ಉಳಿಯಬಾರದು.

ಹಂತ 2. ಕುಟುಂಬವಾರು ವಿಚಾರಣೆ. ಸಾಮಾನ್ಯವಾಗಿ ಈ ಕೆಳಕಂಡ ಸಂಗತಿಗಳಿಗೆ ಉತ್ತರ ಸಿದ್ಧವಾಗಿರಲಿ.
- ಮನೆ ಸ್ವಂತದ್ದೇ, ಬಾಡಿಗೆಯದೇ, ತೋಟದ ಮಾಲೀಕರು ಕೊಟ್ಟದ್ದೇ?
- ನೀರು ಎಷ್ಟು ಎತ್ತರ ಬಂದಿತ್ತು, ಎಷ್ಟು ದಿನ ನಿಂತಿತ್ತು?
- ಗೋಡೆ ಮಣ್ಣಿನದೇ, ಇಟ್ಟಿಗೆಯದೇ, ಕಲ್ಲಿನದೇ? ಮಾಡು ಹೆಂಚಿನದೇ, ತಗಡಿನದೇ, ತಾರಸಿಯೇ?
- ತಾತ್ಕಾಲಿಕವಾಗಿ ಇರಲು ನೆಂಟರ ಮನೆ ಇದೆಯೇ? ಇದ್ದಲ್ಲಿ ಎಷ್ಟು ದಿನಕ್ಕೆ?
- ಹಾಸಿಗೆ ಹಿಡಿದವರು, ಬಾಣಂತಿ, ಗರ್ಭಿಣಿ, ಅಂಗವಿಕಲರು, ನಿತ್ಯ ಔಷಧಿ ಬೇಕಾದವರು ಇದ್ದಾರೆಯೇ?
- ಶಾಲೆಗೆ ಹೋಗುವ ಮಕ್ಕಳು ಎಷ್ಟು? ಕೆಲಸದ ಸ್ಥಳ ಎಷ್ಟು ದೂರ?
- ದನಕರುಗಳು ಎಷ್ಟು? ಕೊಟ್ಟಿಗೆ ಉಳಿದಿದೆಯೇ?
- ಇದೇ ಜಾಗದಲ್ಲಿ ಈ ಮೊದಲು ಎಷ್ಟು ಸಲ ನೀರು ನುಗ್ಗಿದೆ?

ಕೊನೆಯ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಪದೇ ಪದೇ ಮುಳುಗುವ ಜಾಗದಲ್ಲಿಯೇ ಮನೆ ಕಟ್ಟಲು ನೆರವು ನೀಡಿದಲ್ಲಿ ಆ ಹಣವೂ ನೀರಿನ ಪಾಲಾಗುತ್ತದೆ.

ಹಂತ 3. ಜಂಟಿ ಸ್ಥಳ ಪರಿಶೀಲನೆ. ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲಿನ ಗ್ರಾಮ ಲೆಕ್ಕಿಗರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮತ್ತು ಇಂಜಿನಿಯರ್ ಅವರನ್ನು ಒಳಗೊಂಡ ತಂಡವು ಮನೆಗೆ ಭೇಟಿ ನೀಡಿ ಹಾನಿಯ ಪ್ರಮಾಣವನ್ನು ನಿರ್ಧರಿಸುತ್ತದೆ, ಛಾಯಾಚಿತ್ರ ತೆಗೆಯುತ್ತದೆ. ಪಟ್ಟಣ ಪ್ರದೇಶದಲ್ಲಿ ನಗರ ಸ್ಥಳೀಯ ಸಂಸ್ಥೆಯ ಸಿಬ್ಬಂದಿ ತಂಡದಲ್ಲಿರುತ್ತಾರೆ. ಪರಿಶೀಲನೆಯ ವೇಳೆ ಕುಟುಂಬದ ವಯಸ್ಕ ಸದಸ್ಯರೊಬ್ಬರು ಸ್ಥಳದಲ್ಲಿ ಇರುವುದು ಅವಶ್ಯ.

ಹಂತ 4. ವರ್ಗೀಕರಣ. ವಿಚಾರಣೆ ಮತ್ತು ಪರಿಶೀಲನೆಯ ಆಧಾರದ ಮೇಲೆ ಪ್ರತಿ ಕುಟುಂಬದ ಅಗತ್ಯತೆಯನ್ನು ಈ ಕೆಳಕಂಡ ಐದು ವಿಧಗಳಲ್ಲಿ ಒಂದಾಗಿ ಗುರುತಿಸುವುದು ಅನುಕೂಲಕರ.
(ಅ) ಸ್ವಚ್ಛಗೊಳಿಸಿ ಕೂಡಲೇ ಹಿಂದಿರುಗಬಹುದು.
(ಆ) ದುರಸ್ತಿಯ ನಂತರ ಹಿಂದಿರುಗಬಹುದು. ಅಲ್ಲಿಯವರೆಗೆ ತಾತ್ಕಾಲಿಕ ವಸತಿ ಅವಶ್ಯ.
(ಇ) ಅದೇ ಜಾಗದಲ್ಲಿ ಹೊಸ ಮನೆ ಕಟ್ಟಬೇಕು.
(ಈ) ಜಾಗ ಸುರಕ್ಷಿತವಲ್ಲ; ಬೇರೆ ನಿವೇಶನ ಮತ್ತು ಮನೆ ಅವಶ್ಯ.
(ಉ) ಸ್ವಂತ ಮನೆ ಇಲ್ಲ. ಬಾಡಿಗೆ ಅಥವಾ ವಸತಿ ಯೋಜನೆಯ ನೆರವು ಅವಶ್ಯ.

ಹಂತ 5. ತಾಳೆ ನೋಡುವುದು. ಕೇಂದ್ರ ಮುಚ್ಚುವ ಮೊದಲು ನೋಂದಣಿ ಪುಸ್ತಕವನ್ನು ಹಾನಿ ಪಟ್ಟಿಯೊಂದಿಗೆ ಹೋಲಿಸಿದಾಗ, ಪುಸ್ತಕದಲ್ಲಿದ್ದು ಪಟ್ಟಿಯಲ್ಲಿಲ್ಲದ ಕುಟುಂಬಗಳು ಗೊತ್ತಾಗುತ್ತವೆ. ಕೇಂದ್ರದಿಂದ ಹೊರಡುವಾಗ ತಾವು ಹೋಗುತ್ತಿರುವ ವಿಳಾಸವನ್ನು ಪುಸ್ತಕದಲ್ಲಿ ಬರೆಸತಕ್ಕದ್ದು. ನೆಂಟರ ಮನೆಗೆ ಹೋದ ಕುಟುಂಬವು ಸಮೀಕ್ಷೆಯ ದಿನ ಊರಿನಲ್ಲಿ ಇರುವುದಿಲ್ಲವಾದ್ದರಿಂದ ಇದು ಅತ್ಯವಶ್ಯ.

7. ಒಂದು ಉದಾಹರಣೆ

ವಿವರಣೆಗಾಗಿ ಮಾತ್ರ ಕಲ್ಪಿಸಿದ ಉದಾಹರಣೆಯೊಂದನ್ನು ಇಲ್ಲಿ ನೀಡಲಾಗಿದೆ. ವರದಾ ತೀರದ ಗ್ರಾಮವೊಂದರಲ್ಲಿ ಮಣ್ಣಿನ ಗೋಡೆಯ ಹೆಂಚಿನ ಮನೆಯೊಂದಿದೆ. ಖಾತೆ ಮೃತ ತಂದೆಯ ಹೆಸರಿನಲ್ಲಿದೆ. ಮುಂಭಾಗದಲ್ಲಿ ಹಿರಿಯ ಮಗ, ಅವನ ಹೆಂಡತಿ, ಮೂವರು ಮಕ್ಕಳು ಹಾಗೂ ವಯಸ್ಸಾದ ತಾಯಿ ಇದ್ದಾರೆ. ಹಿಂಭಾಗದಲ್ಲಿ ಪ್ರತ್ಯೇಕ ಪಡಿತರ ಚೀಟಿ ಹೊಂದಿರುವ ಕಿರಿಯ ಮಗನ ಸಂಸಾರವಿದೆ. ಪಕ್ಕದ ಕೋಣೆಯಲ್ಲಿ ಒಬ್ಬ ಮಹಿಳೆ ಬಾಡಿಗೆಗೆ ಇದ್ದಾರೆ. ನಾಲ್ಕು ದಿನ ನೀರು ನಿಂತು ಹಿಂಭಾಗದ ಗೋಡೆ ಬಿದ್ದಿದೆ.

ಹಾನಿ ಸಮೀಕ್ಷೆಯಲ್ಲಿ ಇದು ಭಾಗಶಃ ಹಾನಿಯಾದ ಒಂದು ಮನೆ. ಅಗತ್ಯತೆಯ ದೃಷ್ಟಿಯಿಂದ ನೋಡಿದಲ್ಲಿ ಹಿರಿಯ ಮಗನ ಕುಟುಂಬಕ್ಕೆ ಗೋಡೆ ಒಣಗಿ ಪರೀಕ್ಷೆ ಆಗುವವರೆಗೆ ತಾತ್ಕಾಲಿಕ ವಸತಿ ಬೇಕು. ಕಿರಿಯ ಮಗನ ಕುಟುಂಬಕ್ಕೆ ಸೂರೇ ಇಲ್ಲ. ಅವರದು ಸಂಪೂರ್ಣ ಹಾನಿಯಷ್ಟೇ ಗಂಭೀರವಾದ ಅಗತ್ಯತೆ. ಬಾಡಿಗೆಯ ಮಹಿಳೆಗೆ ಗೃಹೋಪಯೋಗಿ ವಸ್ತುಗಳ ನೆರವು ಮತ್ತು ಬೇರೆ ಬಾಡಿಗೆ ಕೋಣೆ ಬೇಕು. ತಾಯಿಯ ಹೆಸರು ಪೌತಿ ಖಾತೆಗೆ ಸೇರದಿದ್ದಲ್ಲಿ ಪರಿಹಾರದ ಹಣ ಮಕ್ಕಳ ನಡುವಿನ ವ್ಯಾಜ್ಯಕ್ಕೆ ಸಿಲುಕಬಹುದು. ಮೂರೂ ಸಂಸಾರಗಳು ಕೇಂದ್ರದಲ್ಲಿ ಬೇರೆ ಬೇರೆಯಾಗಿ ಹೆಸರು ಬರೆಸಿದ್ದಲ್ಲಿ ಈ ನಾಲ್ಕೂ ಸಂಗತಿಗಳು ದಾಖಲೆಗೆ ಬರುತ್ತವೆ. ಯಜಮಾನನೊಬ್ಬನ ಹೆಸರು ಮಾತ್ರ ಇದ್ದಲ್ಲಿ ಒಂದೂ ಬರುವುದಿಲ್ಲ.

8. ಮನೆಗೆ ಹಿಂದಿರುಗುವ ಮುನ್ನ

ಮಣ್ಣಿನ ಗೋಡೆಯ ಬುಡ ನೀರು ಕುಡಿದಾಗ ಅದರ ಬಲ ಕುಗ್ಗುತ್ತದೆ. ಮೇಲಿನ ಗೋಡೆ ಮತ್ತು ಹೆಂಚಿನ ಮಾಡಿನ ಭಾರ ಮಾತ್ರ ಹಾಗೆಯೇ ಇರುತ್ತದೆ. ನೀರು ಇಳಿದ ಮೇಲೆ ಹೊರಗಿನಿಂದ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ; ಒಣಗುವಾಗ ಬಿರುಕು ಬಿಡುತ್ತದೆ. ಆದ್ದರಿಂದ ಬಿಸಿಲು ಬಂದ ನಂತರವೂ, ನಿದ್ರೆಯ ವೇಳೆಯಲ್ಲಿಯೂ ಗೋಡೆ ಕುಸಿಯುವ ಅಪಾಯವಿರುತ್ತದೆ. ಈ ಕೆಳಕಂಡ ಲಕ್ಷಣಗಳಲ್ಲಿ ಒಂದಾದರೂ ಇದ್ದಲ್ಲಿ ಮನೆಯೊಳಗೆ ಮಲಗಬಾರದು.

- ಗೋಡೆಯ ಬುಡದಲ್ಲಿ ಮಣ್ಣು ಕರಗಿ ಒಳಕ್ಕೆ ಕೊರೆದಿರುವುದು.
- ಗೋಡೆ ಹೊರಕ್ಕೆ ಉಬ್ಬಿರುವುದು ಅಥವಾ ವಾಲಿರುವುದು.
- ಹೊಸ ಬಿರುಕು, ಅದರಲ್ಲೂ ದಿನೇ ದಿನೇ ಅಗಲವಾಗುತ್ತಿರುವ ಬಿರುಕು.
- ಇದ್ದಕ್ಕಿದ್ದಂತೆ ಬಾಗಿಲು, ಕಿಟಕಿ ಚೌಕಟ್ಟಿಗೆ ಕೂರದಿರುವುದು.
- ತೊಲೆಯ ತುದಿ ಗೋಡೆಯ ಮೇಲಿನಿಂದ ಸರಿದಿರುವುದು.

ಮೆಸ್ಕಾಂ ಸಿಬ್ಬಂದಿ ಪರೀಕ್ಷಿಸುವವರೆಗೆ ನೆನೆದ ಮನೆಯ ಮೇನ್ ಸ್ವಿಚ್ ಹಾಕಬಾರದು. ಮುಳುಗಡೆಯಾದ ಬಾವಿಯ ನೀರನ್ನು ಶುದ್ಧೀಕರಿಸದೆ ಕುಡಿಯಬಾರದು. ಹಾವು ಚೇಳುಗಳು ಸೇರಿಕೊಂಡಿರುವ ಸಂಭವವಿರುವುದರಿಂದ ಹಗಲಿನಲ್ಲಿಯೇ ಮನೆ ಪ್ರವೇಶಿಸಬೇಕು.

ಬಿದ್ದ ಗೋಡೆಯನ್ನು ತೆರವುಗೊಳಿಸುವ ಮೊದಲು ನಾಲ್ಕೂ ದಿಕ್ಕಿನಿಂದ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಗೋಡೆಯ ಮೇಲಿರುವ ನೀರಿನ ಗುರುತನ್ನು ಅಳಿಸಬಾರದು. ಸಮೀಕ್ಷೆಯ ನಂತರ ಮನೆ ಮತ್ತಷ್ಟು ಕುಸಿದಲ್ಲಿ, ಆ ಸಂಗತಿಯನ್ನು ದಿನಾಂಕ ಸಹಿತ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ ಮರುಪರಿಶೀಲನೆ ಕೋರತಕ್ಕದ್ದು.

9. ನೆರವಿನ ದರಗಳು

2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರವು ನಿಗದಿಪಡಿಸಿದ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿ ದರಗಳು ಈ ಕೆಳಕಂಡಂತಿವೆ.

- ಸಂಪೂರ್ಣ ಹಾನಿಯಾದ ಮನೆ: ಬಯಲು ಪ್ರದೇಶದಲ್ಲಿ 1,20,000 ರೂ., ಗುಡ್ಡಗಾಡು ಪ್ರದೇಶದಲ್ಲಿ 1,30,000 ರೂ.
- ಕನಿಷ್ಠ ಶೇ. 15ರಷ್ಟು ಭಾಗಶಃ ಹಾನಿ: ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ.
- ಹಾನಿಗೊಂಡ ಗುಡಿಸಲು: 8,000 ರೂ.
- ಮನೆಗೆ ಹೊಂದಿಕೊಂಡ ಕೊಟ್ಟಿಗೆ: 3,000 ರೂ.
- ಮನೆ ಕೊಚ್ಚಿಹೋದ, ಸಂಪೂರ್ಣ ಹಾನಿಯಾದ ಅಥವಾ ತೀವ್ರವಾಗಿ ಜಲಾವೃತವಾದ ಕುಟುಂಬಕ್ಕೆ: ಬಟ್ಟೆಗೆ 2,500 ರೂ., ಪಾತ್ರೆ ಹಾಗೂ ಗೃಹೋಪಯೋಗಿ ವಸ್ತುಗಳಿಗೆ 2,500 ರೂ.

ಇವು ಕನಿಷ್ಠ ದರಗಳೆಂದು ತಿಳಿಯಬಹುದು. ರಾಜ್ಯ ಸರ್ಕಾರವು ಆಯಾ ವರ್ಷದ ಆದೇಶದ ಮೂಲಕ ತನ್ನ ಸ್ವಂತ ಸಂಪನ್ಮೂಲದಿಂದ ಹೆಚ್ಚುವರಿ ಮೊತ್ತ ನೀಡಬಹುದು. ಒಂದು ವರ್ಷದ ಆದೇಶವು ಮತ್ತೊಂದು ವರ್ಷದ ಹಾನಿಗೆ ಅನ್ವಯವಾಗುವುದಿಲ್ಲ. ಆದ್ದರಿಂದ ಅರ್ಜಿದಾರರು ಹಾನಿಯಾದ ದಿನಾಂಕಕ್ಕೆ ಜಾರಿಯಲ್ಲಿರುವ ಆದೇಶವನ್ನು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಮೇಲಿನ ಪಟ್ಟಿಯಲ್ಲಿ ಭಾಗಶಃ ಹಾನಿಗೂ ಸಂಪೂರ್ಣ ಹಾನಿಗೂ ಇರುವ ಅಂತರವನ್ನು ಗಮನಿಸಬೇಕು. ದಾಖಲಾಗುವ ಒಂದು ಪದದ ಮೇಲೆ ಲಕ್ಷ ರೂಪಾಯಿಗೂ ಮೀರಿದ ವ್ಯತ್ಯಾಸ ನಿಂತಿರುತ್ತದೆ. ಅರ್ಜಿದಾರರು ತಮ್ಮ ಮನೆಯ ವರ್ಗವನ್ನು ಪಟ್ಟಿ ಅಂತಿಮವಾಗುವ ಮೊದಲೇ ತಿಳಿದುಕೊಳ್ಳುವುದು ಈ ಕಾರಣದಿಂದ ಅವಶ್ಯ.

10. ಸಲ್ಲಿಸಬೇಕಾದ ದಾಖಲೆಗಳು

1) ಆಧಾರ್ ಸಂಖ್ಯೆ ಮತ್ತು ಅದಕ್ಕೆ ಜೋಡಣೆಯಾದ ಬ್ಯಾಂಕ್ ಖಾತೆಯ ವಿವರ
2) ಪಡಿತರ ಚೀಟಿ
3) ಮನೆಯ ಹಕ್ಕಿನ ದಾಖಲೆ: ಇ-ಸ್ವತ್ತು ನಮೂನೆ 9 ಮತ್ತು 11, ಹಕ್ಕುಪತ್ರ ಅಥವಾ ಖಾತೆಯ ನಕಲು
4) ಮನೆ ಕಂದಾಯ ರಸೀದಿ, ವಿದ್ಯುತ್ ಬಿಲ್ಲು
5) ಹಾನಿಯ ಛಾಯಾಚಿತ್ರಗಳು
6) ಅನ್ವಯವಾಗುವಲ್ಲಿ ಅಂಗವಿಕಲತೆಯ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ವಂಶವೃಕ್ಷ

ದಾಖಲೆಗಳು ನೀರುಪಾಲಾಗಿದ್ದಲ್ಲಿ ಗಾಬರಿಪಡುವ ಅವಶ್ಯಕತೆ ಇಲ್ಲ. ಪಹಣಿ ಮತ್ತು ಕಂದಾಯ ಇಲಾಖೆಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ, ನಮೂನೆ 9 ಮತ್ತು 11ನ್ನು ಗ್ರಾಮ ಪಂಚಾಯಿತಿಯಲ್ಲಿ ಮರಳಿ ಪಡೆಯಬಹುದು. ಮಳೆಗಾಲಕ್ಕೆ ಮುಂಚೆ ಎಲ್ಲ ದಾಖಲೆಗಳ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದು ದೂರದ ನೆಂಟರೊಬ್ಬರಿಗೆ ಕಳುಹಿಸಿಡುವುದು ಒಳ್ಳೆಯದು.

11. ಹಕ್ಕಿನ ದಾಖಲೆ ಇಲ್ಲದ ಮನೆಗಳು

ಮಾರ್ಗಸೂಚಿಗಳಂತೆ ಹಾನಿಯಾದ ಮನೆಯು ಅಧಿಕೃತ ನಿರ್ಮಾಣವೆಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕಾಗುತ್ತದೆ. ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡಿರುವವರು ಮತ್ತು ದಾಖಲೆಯಿಲ್ಲದ ಜನವಸತಿ, ಹಟ್ಟಿ, ತಾಂಡಾಗಳ ನಿವಾಸಿಗಳು ಇಲ್ಲಿ ತೊಡಕಿಗೆ ಸಿಲುಕುತ್ತಾರೆ. ಕರ್ನಾಟಕ ಭೂ ಕಂದಾಯ ಅಧಿನಿಯಮದ 94ಸಿ ಪ್ರಕರಣವು ಗ್ರಾಮೀಣ ಪ್ರದೇಶದಲ್ಲಿ, 94ಸಿಸಿ ಪ್ರಕರಣವು ನಗರ ಪ್ರದೇಶದಲ್ಲಿ ಸರ್ಕಾರಿ ಜಮೀನಿನ ಮೇಲಿನ ವಾಸದ ಮನೆಗಳ ಸಕ್ರಮಕ್ಕೆ ಸಂಬಂಧಿಸಿವೆ. ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ 94ಡಿ ಪ್ರಕರಣ ಅನ್ವಯವಾಗುತ್ತದೆ. ಈ ಪ್ರಕರಣಗಳಡಿ ಅರ್ಜಿ ಸಲ್ಲಿಸಿರುವವರು ಅದರ ಸ್ವೀಕೃತಿಯ ನಕಲನ್ನು ಪರಿಹಾರದ ಅರ್ಜಿಯೊಂದಿಗೆ ಲಗತ್ತಿಸಬೇಕು.

ಹಕ್ಕಿನ ದಾಖಲೆಯ ಪ್ರಶ್ನೆ ಮನೆಯ ಪರಿಹಾರಕ್ಕೆ ಸಂಬಂಧಿಸಿದ್ದು. ಕಾಳಜಿ ಕೇಂದ್ರದ ಆಶ್ರಯ ಮತ್ತು ಊಟಕ್ಕೆ ಅದರ ಅವಶ್ಯಕತೆ ಇಲ್ಲ.

12. ಹಿಂದಿನ ವಿಪತ್ತುಗಳ ಅನುಭವ

2009: ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ನೆರೆಯಲ್ಲಿ ಉತ್ತರ ಕರ್ನಾಟಕದ ಅನೇಕ ಗ್ರಾಮಗಳು ನೆಲಕಚ್ಚಿದವು. 'ಆಸರೆ' ಯೋಜನೆಯಡಿ ದಾನಿಗಳ ನೆರವಿನೊಂದಿಗೆ ಹೊಸ ಬಡಾವಣೆಗಳನ್ನು ನಿರ್ಮಿಸಲಾಯಿತು. ಕೆಲವೆಡೆ ಜನರು ಹೊಲ, ಕೊಟ್ಟಿಗೆಗಳಿಂದ ದೂರವಾಗುವ ಕಾರಣಕ್ಕೆ ಹಳೆಯ ಊರಿನಲ್ಲಿಯೇ ಉಳಿದರು. ಸ್ಥಳಾಂತರ ಬೇಕೇ ಎಂಬುದರ ಜೊತೆಗೆ ಎಲ್ಲಿಗೆ ಎಂಬುದನ್ನೂ ಕುಟುಂಬವನ್ನೇ ಕೇಳಿ ದಾಖಲಿಸಬೇಕೆಂಬುದು ಇದರಿಂದ ತಿಳಿಯುವ ಪಾಠ.

2018: ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತ ಸಂಭವಿಸಿತು. ಕುಸಿದ ಗುಡ್ಡದ ಮೇಲೆ ಪುನಃ ಮನೆ ಕಟ್ಟುವಂತಿರಲಿಲ್ಲ. ಕರ್ಣಂಗೇರಿ, ಮದೆನಾಡು, ಜಂಬೂರು ಮುಂತಾದ ಕಡೆ ಹೊಸ ಬಡಾವಣೆಗಳನ್ನು ನಿರ್ಮಿಸಲಾಯಿತು. ಮನೆಗಳ ಹಸ್ತಾಂತರ 2020ರಲ್ಲಿ ನಡೆಯಿತು. ಮಧ್ಯದ ಅವಧಿಗೆ ಕುಟುಂಬಗಳಿಗೆ ಮಾಸಿಕ 10,000 ರೂ. ಬಾಡಿಗೆ ನೆರವು ನೀಡಲಾಯಿತು. ಹೊಸ ಮನೆಗೆ ವರ್ಷಗಳೇ ಹಿಡಿಯಬಹುದಾದ್ದರಿಂದ ಮಧ್ಯಂತರ ವಸತಿಯನ್ನು ಪ್ರತ್ಯೇಕವಾಗಿ ನಿರ್ಧರಿಸಬೇಕಾಗುತ್ತದೆ.

2019: ಆಗಸ್ಟ್‌ನ ಮಳೆ ಮತ್ತು ನೆರೆಯಿಂದ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತವೆಂದು ಘೋಷಿಸಲಾಯಿತು. ಶಿವಮೊಗ್ಗ ಅವುಗಳಲ್ಲಿ ಒಂದು ಜಿಲ್ಲೆ. ರಾಜ್ಯದಾದ್ಯಂತ ಸುಮಾರು 2.47 ಲಕ್ಷ ಮನೆಗಳಿಗೆ ಹಾನಿಯಾಯಿತು. ಮನೆಗಳನ್ನು ಶೇ. 75ಕ್ಕಿಂತ ಹೆಚ್ಚಿನ ಹಾನಿಗೆ 'ಎ', ಶೇ. 25ರಿಂದ 75ಕ್ಕೆ 'ಬಿ', ಶೇ. 15ರಿಂದ 25ಕ್ಕೆ 'ಸಿ' ಎಂದು ವರ್ಗೀಕರಿಸಿ, 'ಎ' ವರ್ಗಕ್ಕೆ 5 ಲಕ್ಷ ರೂ. ಘೋಷಿಸಲಾಯಿತು. ಮನೆ ಕಟ್ಟುವವರೆಗೆ ತಿಂಗಳಿಗೆ 5,000 ರೂ.ನಂತೆ ಹತ್ತು ತಿಂಗಳ ಬಾಡಿಗೆ ನೆರವನ್ನೂ ಪ್ರಕಟಿಸಲಾಯಿತು. ಫಲಾನುಭವಿಗಳ ವಿವರಗಳನ್ನು ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶದಲ್ಲಿ ನಮೂದಿಸಿ, ಕಾಮಗಾರಿಯ ಪ್ರಗತಿಗೆ ಅನುಗುಣವಾಗಿ ಕಂತುಗಳಲ್ಲಿ ಹಣ ಬಿಡುಗಡೆ ಮಾಡುವ ಪದ್ಧತಿಯನ್ನು ಅನುಸರಿಸಲಾಯಿತು. ಈ ಪದ್ಧತಿಯಲ್ಲಿ ಆರಂಭದ ನಮೂದು ತಪ್ಪಿದಲ್ಲಿ ಮುಂದಿನ ಎಲ್ಲ ಕಂತುಗಳಿಗೂ ಅಡಚಣೆಯಾಗುತ್ತದೆ. ಮೇಲಿನ ಮೊತ್ತಗಳು ಆಯಾ ವರ್ಷದ ವಿಪತ್ತಿಗೆ ಮಾತ್ರ ಸಂಬಂಧಿಸಿದ್ದು, ನಂತರದ ಹಾನಿಗಳಿಗೆ ಅನ್ವಯವಾಗುವುದಿಲ್ಲ.

13. ಆಕ್ಷೇಪಣೆ ಮತ್ತು ಮೇಲ್ಮನವಿ

ಪಟ್ಟಿಯಲ್ಲಿ ಹೆಸರು ಇಲ್ಲದಿದ್ದಲ್ಲಿ ಅಥವಾ ವರ್ಗ ತಪ್ಪಾಗಿದ್ದಲ್ಲಿ ಮೊದಲು ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಆಕ್ಷೇಪಣೆಯಲ್ಲಿ ಕೇಂದ್ರದ ಹೆಸರು, ಅಲ್ಲಿದ್ದ ದಿನಾಂಕಗಳು, ಸಮೀಕ್ಷೆ ನಡೆದ ದಿನ ಮತ್ತು ಹಾನಿಯ ವಿವರಗಳನ್ನು ನಮೂದಿಸಿ, ಛಾಯಾಚಿತ್ರ ಲಗತ್ತಿಸಬೇಕು. ಸೂಕ್ತ ಕ್ರಮವಾಗದಿದ್ದಲ್ಲಿ ಸಾಗರ ಉಪವಿಭಾಗಾಧಿಕಾರಿಗಳಿಗೆ, ತದನಂತರ ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು.

ಸಮೀಕ್ಷಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ದೊರೆಯಬೇಕು.

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೇಂದ್ರಕ್ಕೆ ಬಾರದೆ ನೆಂಟರ ಮನೆಯಲ್ಲಿದ್ದವರಿಗೆ ಮನೆಯ ಪರಿಹಾರ ಇಲ್ಲವೇ?
ಉತ್ತರ: ಮನೆಯ ಪರಿಹಾರವು ಹಾನಿಯನ್ನು ಅವಲಂಬಿಸಿದೆ, ಕೇಂದ್ರದಲ್ಲಿ ತಂಗಿರಲೇಬೇಕೆಂದಿಲ್ಲ. ಆದರೆ ತಾವು ಎಲ್ಲಿದ್ದೀರಿ ಎಂಬುದನ್ನು ಗ್ರಾಮ ಆಡಳಿತ ಅಧಿಕಾರಿಗೆ ಕೂಡಲೇ ತಿಳಿಸಬೇಕು.

ಪ್ರಶ್ನೆ: ದನಗಳನ್ನು ಬಿಟ್ಟು ಬರಲಾಗುವುದಿಲ್ಲ. ಏನು ಮಾಡಬೇಕು?
ಉತ್ತರ: ಸಂಖ್ಯೆಯನ್ನು ಮೊದಲೇ ತಿಳಿಸಿದಲ್ಲಿ ಎತ್ತರದ ಜಾಗದಲ್ಲಿ ಮೇವು, ನೀರಿನ ಏರ್ಪಾಡಿಗೆ ಅನುಕೂಲವಾಗುತ್ತದೆ. ಹೊರಡುವಾಗ ಹಗ್ಗ ಬಿಚ್ಚದೆ ದನಗಳನ್ನು ಕಟ್ಟಿಹಾಕಿ ಬರಬಾರದು.

ಪ್ರಶ್ನೆ: ಕೇಂದ್ರ ಮುಚ್ಚುವ ದಿನವೂ ಮನೆ ವಾಸಕ್ಕೆ ಯೋಗ್ಯವಾಗಿಲ್ಲದಿದ್ದರೆ?
ಉತ್ತರ: ಮನೆ ವಾಸಯೋಗ್ಯವಲ್ಲವೆಂದು ಕೇಂದ್ರದ ಉಸ್ತುವಾರಿ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ತಾತ್ಕಾಲಿಕ ವಸತಿ ಕೋರಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು. ಬೇರೆ ದಾರಿ ಇಲ್ಲವೆಂದು ಬಿರುಕು ಬಿಟ್ಟ ಮನೆಗೆ ಮಕ್ಕಳೊಂದಿಗೆ ಹೋಗಬಾರದು.

ಪ್ರಶ್ನೆ: ಪರಿಹಾರದ ಪಟ್ಟಿಗೆ ಹೆಸರು ಸೇರಿಸಲು ಹಣ ಕೇಳಿದಲ್ಲಿ?
ಉತ್ತರ: ನೋಂದಣಿ ಮತ್ತು ಸಮೀಕ್ಷೆಗೆ ಯಾವುದೇ ಶುಲ್ಕವಿಲ್ಲ. ಹಣ ಕೇಳಿದಲ್ಲಿ ಮೇಲಧಿಕಾರಿಗಳಿಗೆ ಅಥವಾ ಲೋಕಾಯುಕ್ತಕ್ಕೆ ದೂರು ನೀಡಬಹುದು.

15. ಸಂಪರ್ಕ

ಜಿಲ್ಲಾ ವಿಪತ್ತು ನಿರ್ವಹಣಾ ಸಹಾಯವಾಣಿ: 1077
ತುರ್ತು ಸೇವೆ: 112
ಜನಸ್ಪಂದನ ಸಹಾಯವಾಣಿ: 1902
ಮಕ್ಕಳ ಸಹಾಯವಾಣಿ: 1098
ಮಹಿಳಾ ಸಹಾಯವಾಣಿ: 181

ವಿಶೇಷ ಸೂಚನೆ: ಕಾಳಜಿ ಕೇಂದ್ರಕ್ಕೆ ಬಂದ ಪ್ರತಿ ಸಂಸಾರವೂ ತನ್ನ ಹೆಸರನ್ನು ಪ್ರತ್ಯೇಕವಾಗಿ ಬರೆಸತಕ್ಕದ್ದು, ಹೊರಡುವಾಗ ಹೋಗುವ ವಿಳಾಸವನ್ನು ಬರೆಸತಕ್ಕದ್ದು, ನೆನೆದ ಗೋಡೆಯನ್ನು ಪರೀಕ್ಷಿಸಿದ ನಂತರವೇ ಆ ಮನೆಯಲ್ಲಿ ಮಲಗತಕ್ಕದ್ದು.